ಬಂದರದ ತಬಿಯತ್ತು

ಥೂ! ನನ್ನ ಮುಂದ ಮುಂಬೈ ಬಂದರದ ಹೆಸರು ಎತ್ತಬ್ಯಾಡ್ರಿ. ನಾ ಆ ಬಂದರ ಕಣ್ಣಿಲೆ ಕಂಡಾಕಿ ಅಲ್ಲ. ಸಮುದ್ರದ ನೀರು ಉಪ್ಪಗಿರ್ತದ ಅಂತಾರ, ನನಗ ಅದರ ಹೆಸರು ಕೇಳಿದ್ರ ಬಾಯಾಗ ಕೊಳತ ಬಾಳಿಹಣ್ಣಿನ ರುಚಿ ಬರ್ತದ. ಯಾಕ ಅಂತೀರೇನು? ಕುಂದ್ರಿ, ಹೇಳ್ತೀನಿ. ಕೇಳಿದ ಮ್ಯಾಲ ನನಗೇ ಬೈಯೂದಿದ್ರ ಬೈರಿ, ಬೈಸಿಕೊಂಡು ರೂಢಿ ಅದ ನನಗ.

ನಂದು ಕಮಲಾಪುರ. ಹೆಸರು ನೀಲಗಂಗಮ್ಮ. ಊರ ಹೊರಗ ಹಳ್ಳದ ದಂಡಿಗೆ ನಮ್ಮ ಕೆಂಪು ಬಾಳಿ ತೋಟ. ಸಿಪ್ಪಿ ಕೆಂಪಗ, ಒಳಗ ಬೆಣ್ಣಿ. ನಟ್ಟ ಮ್ಯಾಲ ಗೊನಿ ಬರಾಕ ಒಂದೂವರಿ ವರ್ಷ ಬೇಕು. ನೀರು ಎರಡು ದಿನ ತಡ ಆದ್ರ ಸಾಕು, ಮುನಿಸಿಕೊಂಡ ಸೊಸಿಯಂಗ ಎಲಿ ಮುದುಡಿಕೊಂಡು ನಿಂದರ್ತದ. ಮೊದಲ ಸಾಲು ನಮ್ಮ ಅತ್ತಿ ತನ್ನ ತವರಿಂದ ಕಂದು ಹೊತ್ತು ತಂದು ನಟ್ಟಿದ್ದು. ಸಾಯೂ ಮುಂದ ಆಕಿ ನನ್ನ ಕೈ ಹಿಡಿದು, 'ಬಂಗಾರ ಹೋದ್ರ ಹೋಗ್ಲಿ, ಈ ಕಂದು ಕಳೀಬ್ಯಾಡ' ಅಂದಿದ್ಲು.

ನನ್ನ ಗಂಡ ನಾಗಣ್ಣ ವಿಲಾಯತಿ ಲಡಾಯಿ ಮುಗಿದ ವರ್ಷ ಬಂದ ಜ್ವರದಾಗ ಹೋದ. ಜನ ಅದಕ್ಕ ಮುಂಬೈ ಜ್ವರ ಅಂತಿದ್ರು. ಹಡಗಿನ್ಯಾಗ ಬಂದು, ಬಂದರದಾಗ ಇಳದು, ರೈಲು ಹತ್ತಿ ನಮ್ಮ ತನಕ ಬಂತಂತ. ಹಂಗಾದ್ರ ಆ ಬಂದರ ನನಗ ಮೊದಲು ಕಳಿಸಿದ್ದು ಅದನ್ನೇ ಅನ್ರಿ.

ನಮ್ಮ ಹಣ್ಣು ಹದಿನೈದು ದಿನಕ್ಕೊಮ್ಮೆ ಬುಟ್ಟ್ಯಾಗ ತುಂಬಿ ಕಲಬುರಗಿಗೆ ಹೋಗ್ತಿತ್ತು. ಸ್ಟೇಶನ್ ಹತ್ರ ದೌಲಪ್ಪ ಅಂತ ಒಬ್ಬ ಸಾವಕಾರನ ಅಡತಿ ಅಂಗಡಿ. ಅವ ಕೊಂಡು ಮುಂಬೈ ಮೇಲ್ ರೈಲಿಗೆ ಹಾಕಿ ಕಳಸ್ತಿದ್ದ, ಅಲ್ಲಿ ಬಂದರದಾಗ ಹಡಗಿನ ಸಾಹೇಬರು ತಿಂತಿದ್ರಂತ. ತಿನ್ಲಿ, ನನಗೇನು. ಆದ್ರ ನಮ್ಮ ಕಡಿ ಸೌದಾ ಬಾಯಿಲೆ ಮಾಡಂಗಿಲ್ಲ. ಮಾರಾಂವ ಕೊಳ್ಳಾಂವ ಇಬ್ಬರೂ ಕೈ ಕೈ ಹಿಡೀತಾರ, ಮ್ಯಾಲ ಒಂದು ರುಮಾಲು ಮುಚ್ತಾರ. ಒಂದು ಬಟ್ಟು ಹಿಡಿದ್ರ ಬುಟ್ಟಿಗೆ ಒಂದು ರೂಪಾಯಿ, ಎರಡು ಹಿಡಿದ್ರ ಎರಡು, ಇಡೀ ಪಂಜಾ ಹಿಡಿದ್ರ ಐದು. ಸುತ್ತ ನಿಂತವರು ಇಬ್ಬರ ಮಕ ನೋಡ್ಕೋತ ನಿಂದರಬೇಕು, ರೇಟು ತಿಳಿಯಂಗಿಲ್ಲ. ರುಮಾಲಿನ ಕೆಳಗಿನ ಮಾತು ಅಲ್ಲೇ ಸಾಯಬೇಕು. ಹೊರಗ ಹೇಳಿದಾಂವ ಬಜಾರದಾಗ ಮತ್ತ ಮಕ ಎತ್ತಿ ಅಡ್ಡಾಡಂಗಿಲ್ಲ.

ಇದು ನನಗೇನು ಹೊಸಾದಲ್ಲ. ನಮ್ಮಪ್ಪ ಎತ್ತಿನ ವ್ಯಾಪಾರದವ. ನಾ ಸಣ್ಣಾಕಿದ್ದಾಗ ಕಂಬಳಿ ಕೆಳಗ ನನ್ನ ಕೈ ಹಿಡಿದು, 'ಹೇಳು ನೀಲಾ, ಎಷ್ಟಾತು?' ಅಂತ ಆಡಸ್ತಿದ್ದ. ಆದ್ರ ಗಂಡ ಸತ್ತಾಕಿ ಪರಗಂಡಸಿನ ಕೈ ಹಿಡೀತಾಳೇನು, ಅದೂ ನಡು ಬಜಾರದಾಗ? ಊರ ಹಿರ್‍ಯಾರು ಕುಂತು, 'ಮೈದುನ ಮಲ್ಲಣ್ಣ ಇದ್ದಾನಲ್ಲ, ನಿನ್ನ ಕೈ ಅಂದ್ರ ಅವನ ಕೈ' ಅಂದ್ರು. ಆತು ಅಂದೆ. ಬೇಲಿನೇ ಎದ್ದು ಹೊಲ ಮೇಯ್ತದ ಅಂತ ಯಾರಿಗೆ ಗೊತ್ತಿತ್ತು?

ಮಲ್ಲಣ್ಣ ಇರ್ತಿದ್ದುದು ಕಲಬುರಗಿ ಬ್ರಹ್ಮಪುರದಾಗ. ಹತ್ತಿ ದಲಾಲಿ ಅವಂದು. ಒಮ್ಮೆ, ಒಂದೇ ಒಮ್ಮೆ ಮುಂಬೈಗೆ ಹೋಗಿ ಬಂದಿದ್ದ. ಅಲ್ಲಿಂದ ಹಸಿರು ರೇಶಿಮಿ ರುಮಾಲು ಒಂದು ತಂದ, ಬಾಯಿ ತುಂಬ ಬಂದರ ತುಂಬಿಕೊಂಡು ಬಂದ. ಸಂಜಿ ಆತಂದ್ರ ಅವನ ಪಡಸಾಲ್ಯಾಗ ಗಂಡಸರ ಜಾತ್ರಿ. ಎಲಿ ಅಡಿಕಿ ಜಗೀತಾ, ಗ್ವಾಡಿಗೆ ಪಿಚಕ್ಕಂತ ಉಗುಳ್ತಾ, ಒಬ್ಬ ಕೇಳಾಂವ, "ಬಂದರದ ತಬಿಯತ್ ಹ್ಯಾಂಗದ ಮಲ್ಲಣ್ಣ?"

"ಏಕದಮ್ ತಾಜಾ!" ಅನ್ನಾಂವ ಇವ. "ಹಡಗಿಗೆ ನಿಂದ್ರಾಕ ಜಾಗಾ ಸಿಗವಲ್ದು. ಇನ್ನ ಹತ್ತು ವರ್ಷ ಆ ಬಂದರಕ್ಕ ಬ್ಯಾನಿ ಇಲ್ಲ, ಬೇಸರಿಲ್ಲ. ಬರೆದು ಇಟ್ಕೋರಿ."

ಅಬಾಬಾ, ಎದಿ ಉಬ್ಬಸಿ ಹೇಳೂದೇನು! ಮಾವನ ತಬಿಯತ್ತು ಇಷ್ಟು ಕಾಳಜಿಲೆ ಯಾರೂ ಕೇಳಂಗಿಲ್ಲ. ಒಳಗ ನನ್ನ ನೆಗೆಣ್ಣಿ ಲಲಿತಾಬಾಯಿ, ಅವನ ಹೆಂಡ್ತಿ, ಮೂರು ತಿಂಗಳಿಂದ ಕೆಮ್ಮಿ ಕೆಮ್ಮಿ ಎಲುಬು ಬಿಟ್ಟಿದ್ಲು. ಕೆಮ್ಮಿಕೋತನೇ ಅವರಿಗೆ ಚಾ ಕಾಸ್ತಿದ್ಲು. ಆಕಿ ತಬಿಯತ್ ಹ್ಯಾಂಗದ ಅಂತ ಆ ಪಡಸಾಲ್ಯಾಗ ಒಬ್ಬಾಂವರೇ ಕೇಳಿದ್ರ ಕೇಳ್ರಿ. ನಾ ಹೋದಾಗೊಮ್ಮೆ ಆಕಿ, "ಅಕ್ಕಾ, ಬಂದರಕ್ಕ ಏನಾಗ್ಯಾದೋ ನಂಗೊತ್ತಿಲ್ಲ, ಚಾಪುಡಿ ಮಾತ್ರ ಮುಗದದ" ಅಂದು ನಕ್ಕಳು, ನಗೂ ಮುಂದೂ ಕೆಮ್ಮಿದಳು.

ಆ ವರ್ಷ ಮಳಿ ಹೊಡತಕ್ಕ ನಮ್ಮ ಬಾವಿಯ ಮೂಡಲ ಕಡಿ ಗ್ವಾಡಿ ಕುಸದು ಒಳಗ ಬಿತ್ತು. ಕಲ್ಲು ಮಣ್ಣು ಸೇರಿ ಅರ್ಧ ಬಾವಿ ತುಂಬಿತು. ಒಡ್ಡರು ಬಂದು ನೋಡಿದ್ರು. "ಯವ್ವಾ, ಹೂಳು ತೆಗೀಬೇಕು, ಕಲ್ಲು ಕಟ್ಟಬೇಕು, ಶಿವರಾತ್ರಿ ಒಳಗ ಆಗ್ಲಿಲ್ಲಂದ್ರ ಬ್ಯಾಸಗಿಗೆ ನೀರು ಸಿಗಂಗಿಲ್ಲ" ಅಂದು ತಮ್ಮ ಕೂಲಿ ಹೇಳಿದ್ರು. ಹಣ್ಣಿನ ರೊಕ್ಕ ಬಂದ್ರ ಬಾವಿ, ಬಾವಿ ಆದ್ರ ತೋಟ. ಅಷ್ಟೇ ಲೆಕ್ಕ, ಇದಕ್ಕ ಮುಂಬೈಗೆ ಹೋಗಿ ಕಲಿಯೂದೇನು ಇರ್ಲಿಲ್ಲ.

ಆ ಸಲ ಮಲ್ಲಣ್ಣ ಟಾಂಗಾ ಮಾಡ್ಕೊಂಡು ಕಮಲಾಪುರಕ್ಕ ತಾನೇ ಬಂದ. ಕಟ್ಟಿ ಮ್ಯಾಲ ಕುಂತು, ರುಮಾಲಿಲೆ ಮಕ ಒರಸಿಕೊಂಡು, ಉಸ್ ಅಂದ.

"ವೈನಿ, ಬಂದರದ ತಬಿಯತ್ ಚಲೋ ಇಲ್ಲ."

"ಏನಾಗ್ಯಾದ ಅದಕ್ಕ?"

"ಹಡಗ ಬರವಲ್ವು. ಸಾಹೇಬರು ಹಣ್ಣು ತಿನ್ನವಲ್ಲರು. ದೌಲಪ್ಪ ಎರಡು ಬಟ್ಟಿನ ಮ್ಯಾಲ ಏರವಲ್ಲ. ನಾ ಎಷ್ಟು ಕೈ ಅಮುಕಿದ್ರೂ ಎರಡೇ."

ನಾಗಣ್ಣ ಇದ್ದಾಗ ಬುಟ್ಟಿಗೆ ನಾಕು ಬರ್ತಿತ್ತು. ನಾ ಅಂದೆ, "ಮಲ್ಲಣ್ಣ, ಬಾವಿ ಕಟ್ಟಬೇಕಪಾ, ಇಷ್ಟಕ್ಕ ಆಗಂಗಿಲ್ಲ." ಅದಕ್ಕ ಅವ ನನಗೇ ಉಪದೇಶ ಶುರು ಮಾಡಿದ. "ಬಾಳಿ ಕಿತ್ತು ಒಗೀರಿ ವೈನಿ. ಹತ್ತಿ ಹಾಕ್ರಿ. ನೀವು ಹೆಣ್ಣಮಕ್ಕಳು, ಬಂದರದ ನಾಡಿ ನಿಮಗ ತಿಳಿಯಂಗಿಲ್ಲ" ಅಂತ ಹೇಳ್ಕೋತ ನನ್ನ ಗೊನ್ಯಾಗಿನ ಹಣ್ಣೇ ಒಂದೊಂದಾಗಿ ಕಿತ್ತು ತಿಂದ, ಸಿಪ್ಪಿ ಅಂಗಳಕ್ಕ ಒಗದ. ನೊಣ ಮುತ್ತಿದ್ವು. ನಾ ಅದನ್ನ ಬಳದು ಹಾಕಿದೆ. ನಂಬಿದೆ ನಾ ಅವನ್ನ. ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ!

ಮುಂದಿನ ಸಲನೂ ಎರಡು. ಅದರ ಮುಂದಿನ ಸಲನೂ ಎರಡೇ. ಪ್ರತಿ ಸಲ ಬಂದರಕ್ಕ ಹೊಸಾ ಬ್ಯಾನಿ ಹೇಳಾಂವ. ಒಡ್ಡರು ನನ್ನ ದಾರಿ ನೋಡಿ ನೋಡಿ ಬ್ಯಾರೆ ಕಡಿ ಹೋದ್ರು. ಶಿವರಾತ್ರಿ ಆತು, ನೀರು ತಳ ಕಂಡಿತು. ಎಲ್ಲಾ ಸಾಲಿಗೂ ಸಾಲಂಗಿಲ್ಲ, ಯಾವುದಕ್ಕರೇ ನೀರು ನಿಂದ್ರಸಲೇಬೇಕು. ಮುದುಕಿ ಸಾಲು ಅದಂತ ಅತ್ತಿ ನಟ್ಟ ಸಾಲಿಗೇ ನಿಂದ್ರಸಿದೆ. ನನ್ನ ಕೈಲೆ, ನಾನೇ ಮಣ್ಣು ಹಾಕಿ ಮಡಿ ಬಾಯಿ ಕಟ್ಟಿದೆ. ಎಂಟು ದಿನದಾಗ ಎಲಿ ಹಳದಿ ಆದವು, ಆಮ್ಯಾಲ ಗಿಡ ನಡು ಮುರದು ಮಕಾಡೆ ಬಿದ್ದು ಅಲ್ಲೇ ಕೊಳತವು. ಆ ನಾತ ಅಂಗಳ ತನಕ ಬರ್ತಿತ್ತು. ನಾ ಉಣ್ಣೂದು ಬಿಟ್ಟೆ.

ಲಲಿತಾಗ ಭಾಳ ಆಗ್ಯಾದ ಅಂತ ನಮ್ಮ ಬಂಡಿ ಹೊಡೆಯೂ ನಬಿಸಾಬ ಹೇಳಿದ. ಹಣ್ಣಿನ ಬಂಡ್ಯಾಗೇ ಕುಂತು ನಾನೂ ಹೋದೆ. ಬ್ರಹ್ಮಪುರದ ಮನಿ ಹಿಂದಿನ ಬಾಗಲಿಂದ ಒಳಗ ಹೊಕ್ಕೆ. ಲಲಿತಾ ಒಲಿ ಮುಂದ ಇದ್ಲು, ಕಣ್ಣು ಗುಳಿ ಬಿದ್ದಿದ್ವು. ಆಕಿ ಕೈಯಾಗಿನ ಚಾ ಪಾತೇಲಿ ಕಸಕೊಂಡು ನಾ ಒಲಿ ಮುಂದ ಕುಂತೆ. ಪಡಸಾಲ್ಯಾಗ ಮಲ್ಲಣ್ಣ ಮುಂಬೈ ಪೇಪರ್ ಹಿಡಿದು ಒದರಾಕತ್ತಿದ್ದ. ನಾ ಬಂದದ್ದು ಅವಂಗ ಗೊತ್ತಿರ್ಲಿಲ್ಲ.

"ಹಡಗಿನ ಮ್ಯಾಲ ಹಡಗ, ಖಬರದ ಏನು! ಹತ್ತಿ ಏರ್‍ಯಾದ, ಹಣ್ಣು ಏರ್‍ಯಾದ, ಹಡಗ ತುಂಬ ಸಾಹೇಬರು ಇಳದಾರ. ಈ ಹೊತ್ತು ಬಂದರದಾಗ ಕಲ್ಲು ಇಟ್ಟು ಕುಂತ್ರೂ ಮಾರ್ತಾವ! ಇಷ್ಟು ಚಲೋ ತಬಿಯತ್ ನಾ ಹುಟ್ಟಿದಾಗಿಂದ ನೋಡಿಲ್ಲ."

ಪಾತೇಲಿ ನನ್ನ ಕೈಯಾಗೇ ಉಳೀತು. ಮೊನ್ನಿ ಮೊನ್ನಿ ನನ್ನ ಕಟ್ಟಿ ಮ್ಯಾಲ ಕುಂತು ಬಂದರ ಸಾಯಾಕತ್ತಾದ ಅಂದಾಂವ ಇವನೇ ಅಲ್ಲೇನು? ಬಂದರ ಒಂದೇ. ನನ್ನ ಹಣ್ಣಿಗೆ ಅದಕ್ಕ ಜ್ವರ, ಇವನ ಹತ್ತಿಗೆ ಅದಕ್ಕ ಮದಿವಿ. ಲಲಿತಾಳ ಮಕ ನೋಡಿದೆ. ಆಕಿ ಒಲಿ ಬೂದಿ ನೋಡಾಕತ್ತಿದ್ಲು.

"ನಿನಗ ಗೊತ್ತಿತ್ತೇನ?" ಅಂದೆ.

"ಅಕ್ಕಾ, ರುಮಾಲಿನ ಕೆಳಗ ಏನ್ ನಡೀತದ ಹೆಣ್ಣಮಕ್ಕಳಿಗೆ ಹ್ಯಾಂಗ ಗೊತ್ತಾಗ್ತದ?" ಅಂದ್ಲು. ಬೂದಿ ಕೆದರಿಕೋತ, "ನಾಳಿ ಮುಂಜಾನಿ ನೀನೇ ಅಡತಿಗೆ ಹೋಗು" ಅಂದ್ಲು. ಹೇಳಿ ಮತ್ತ ಕೆಮ್ಮು ಹತ್ತಿತು ಆಕಿಗೆ.

ಮುಂಜಾನಿ ಹೋದೆ. ನಬಿಸಾಬ ದಾರಿ ತುಂಬ, "ನಕೋ ಅಮ್ಮಾ, ಗಂಡಸರ ಜಾಗಾ ಅದು, ಇಜ್ಜತ್ ಕಾ ಸವಾಲ್ ಹೈ" ಅಂತ ಕೈ ಮುಗಿದ. ಯಾರ ಇಜ್ಜತ್ತು ಅಂತ ನಾ ಕೇಳಿದ್ದಕ್ಕ ಅವ ಎತ್ತಿಗೆ ಬೈದ. ಅಡತಿ ಮುಂದ ನನ್ನ ಬುಟ್ಟಿ ಸಾಲಾಗಿ ಇಳಿಸಿದ್ರು. ಕಾಲಿಗೆ ಕೊಳತ ಹಣ್ಣು ಹತ್ತೂ ಜಾಗಾ ಅದು, ನೊಣ ಎಷ್ಟೋ ಗಂಡಸರು ಅಷ್ಟೇ. ಮೇಲ್ ರೈಲು ಬರೂ ಹೊತ್ತಾಗಿತ್ತು. ಮಲ್ಲಣ್ಣ ಬಂದ, ದೌಲಪ್ಪ ಗಾದಿ ಬಿಟ್ಟು ಎದ್ದು ಬಂದ. ಇಬ್ಬರೂ ಕೈ ಹಿಡಿದ್ರು, ಮ್ಯಾಲ ಹಸಿರು ರುಮಾಲು ಬಿತ್ತು.

ನಾ ಸೆರಗು ಸೊಂಟಕ್ಕ ಸಿಗಿಸಿ ನಡಕ ಹೋದೆ. ಮಲ್ಲಣ್ಣನ ಮಣಿಕಟ್ಟು ಹಿಡಿದು ಜಗ್ಗಿ ಹೊರಗ ಹಾಕಿದೆ, ನನ್ನ ಕೈ ರುಮಾಲಿನ ಕೆಳಗ ಇಟ್ಟೆ.

ಯಾರೋ ಹಿಂದ, "ಶಿವ ಶಿವಾ" ಅಂದ. ದೌಲಪ್ಪನ ಕೈ! ಹೇಸಿಗಿ, ಹೇಸಿಗಿ. ಬೆವರು, ಸುಣ್ಣ, ಉಂಗುರ, ಯಾರ್‍ಯಾರ್‍ದೋ ಹಣ್ಣಿನ ಅಂಟು. ಹಾವು ಹಿಡಿದ್ರೂ ನನಗ ಅಷ್ಟು ಹೇಸಿಗಿ ಆಗ್ತಿರ್ಲಿಲ್ಲ. ಬಿಡಲಿಲ್ಲ ನಾ.

"ದೌಲಪ್ಪನವರ, ಹಣ್ಣು ನಂದು. ಹೇಳ್ರಿ ಎಷ್ಟಂತ" ಅಂದೆ.

ಅವ ಮಲ್ಲಣ್ಣನ ಮಕ ನೋಡಿದ, ಸ್ಟೇಶನ್ ಕಡಿ ನೋಡಿದ. ಕೈ ಕಿತ್ತುಕೊಂಡ್ರ ಸೌದಾ ಮುರೀತದ, ಬುಟ್ಟಿ ಬಾಜೂಕಿನ ಅಡತಿಗೆ ಹೋಗ್ತಾವ. ಅಷ್ಟು ಬುದ್ಧಿ ಇತ್ತು ಅವಂಗ. ಒಂದು ಬಟ್ಟು ಹಿಡಿದ, ಎರಡು ಹಿಡಿದ, ನಾ ಅವನ ಕಣ್ಣಾಗ ಕಣ್ಣಿಟ್ಟು ನಿಂತೆ. ಆಮ್ಯಾಲ ಅವನ ಪಂಜಾ ನನ್ನ ಪಂಜಾಕ್ಕ ಪೂರಾ ಕೂಡಿತು.

"ಐದು!" ಅಂತ ಒದರಿದೆ ನಾ. "ಬುಟ್ಟಿಗೆ ಐದು ರೂಪಾಯಿ! ಕೇಳಿದ್ರೇನು ಎಲ್ಲಾರೂ?"

ಹೌಹಾರಿದ್ರು ನೋಡ್ರಿ ಗಂಡಸರು. ನಾ ಕೈ ಹಿಡಿದದ್ದು ಒಂದು ಪಾಲು ಪಾಪ, ರುಮಾಲಿನ ಮಾತು ಒದರಿದ್ದು ಹತ್ತು ಪಾಲು. ದೌಲಪ್ಪ ಕೈ ಎಳಕೊಂಡು ಧೋತರಕ್ಕ ಒರಸಿಕೊಂಡ. ಒರಸಿಕೊಳ್ಳಬೇಕಾದಾಕಿ ನಾನು!

"ಅಕ್ಕೋರ, ನಂದೇನು ತಪ್ಪಿಲ್ಲ" ಅಂದ. "ನಾ ಈ ವರ್ಷ ಎಲ್ಲಾ ಸಲನೂ ಐದೇ ಕೊಟ್ಟೀನಿ. ಮನಿಗೆ ಎಷ್ಟು ಮುಟ್ತದ ಅನ್ನೂದು ನಿಮ್ಮ ಮನಿ ಮಾತು. ನಾ ಯಾಕ ನಡಕ ಬರ್ಲಿ?"

ಅಂದ್ರ ಗೊತ್ತಿತ್ತು. ಅವನ ಮುನೀಮಗ ಗೊತ್ತಿತ್ತು, ಹಮಾಲರಿಗೆ ಗೊತ್ತಿತ್ತು. ತಿರುಗಿ ನಬಿಸಾಬನ ಮಕ ನೋಡಿದೆ. ನನ್ನ ಮನಿ ರೊಟ್ಟಿ ಹನ್ನೆರಡು ವರ್ಷ ತಿಂದಾಂವ ನೆಲ ನೋಡಿದ. ಇಡೀ ಬಜಾರಕ್ಕ ಗೊತ್ತಿದ್ದ ಮಾತು, ತೋಟ ಸುಟ್ಟುಕೊಂಡಾಕಿಗೆ ಒಬ್ಬಳಿಗೇ ಗೊತ್ತಿರ್ಲಿಲ್ಲ. ಎಲ್ಲಾರೂ ರುಮಾಲಿನ ಮರ್ಯಾದಿ ಕಾಯಾಕತ್ತಿದ್ರು. ಥೂ ನಿಮ್ಮ ಮರ್ಯಾದಿಗೆ!

ಮಲ್ಲಣ್ಣ ಮೆತ್ತಗ ಬಾಜೂಕ ಬಂದ. "ವೈನಿ, ಸಿಟ್ಟಾಗಬ್ಯಾಡ್ರಿ. ರೊಕ್ಕ ಎಲ್ಲೂ ಹೋಗಿಲ್ಲ. ಬಂದರದಾಗ ಅದ. ಹತ್ತಿ ಮ್ಯಾಲ ಹಾಕೀನಿ. ದುಪ್ಪಟ್ಟಾಗಿ ಬಂದ ಮ್ಯಾಲ ನಿಮ್ಮ ಕೈಯಾಗೇ ಇಡಾಂವಿದ್ದೆ."

"ನಮ್ಮ ಅತ್ತಿ ನಟ್ಟ ಸಾಲು ದುಪ್ಪಟ್ಟಾಗಿ ಬರ್ತದೇನೋ ಭಾಡ್ಯಾ?" ಅಂದೆ. ಅತ್ತಿ ಅಂದ್ರ ಅವನ ಹಡದ ತಾಯಿ. ಅದಕ್ಕೂ ಅವಂಗ ನಾಚಿಕಿ ಬರ್ಲಿಲ್ಲ, ಮೇಲು ಬಂತು ಬುಟ್ಟಿ ಏರಿಸ್ರಿ ಅಂತ ಹಮಾಲರಿಗೆ ಒದರಿದ.

ಊರಿಗೆ ಬರೂದ್ರೊಳಗ ಸುದ್ದಿ ಮುಂದ ಬಂದಿತ್ತು. ಹಿರ್‍ಯಾರು ಮತ್ತ ಕುಂತ್ರು. 'ನಡು ಬಜಾರದಾಗ ಪರಗಂಡಸಿನ ಕೈ ಹಿಡಿದಾಳ' ಅಂದ್ರು. ಕದ್ದ ಕೈ ಬಗ್ಗೆ ಒಬ್ಬಾಂವನೂ ಬಾಯಿ ಬಿಡಲಿಲ್ಲ. ನಾ ಅಂದೆ, "ಹೌದ್ರಿ ಹಿಡಿದೀನಿ. ಮುಂದಿನ ಸಲನೂ ಹಿಡೀತೀನಿ. ಅಂಗೈ ಹುಣ್ಣು ನೋಡಾಕ ನಿಮ್ಮ ಕನ್ನಡಿ ನನಗ ಬೇಕಿಲ್ಲ." ಮದಿವಿ ಮುಂಜಿವಿಗೆ ನನ್ನ ಕರಿಯೂದು ಬಿಟ್ರು. ಬಿಡ್ಲಿ. ಹದಿನೈದು ದಿನಕ್ಕೊಮ್ಮೆ ನಾನೇ ಹೋಗ್ತಿದ್ದೆ, ನನ್ನ ಸೆರಗೇ ಕೈ ಮ್ಯಾಲ ಮುಚ್ತಿದ್ದೆ, ಐದು ತರ್ತಿದ್ದೆ. ಮನಿಗೆ ಬಂದು ಹುಣಸಿಹಣ್ಣು ಬೂದಿ ಹಚ್ಚಿ ಕೈ ತಿಕ್ತಿದ್ದೆ. ಒಡ್ಡರು ತಿರುಗಿ ಬಂದ್ರು, ಗ್ವಾಡಿ ಅರ್ಧ ಎದ್ದಿತು. ತೋಟನೂ ಅರ್ಧ ಉಳೀತು. ಅತ್ತಿ ಸಾಲು ಬರಲಿಲ್ಲ. ಅಗದು ಅಗದು ನೋಡಿದೆ, ಒಂದು ಕಂದರೇ ಜೀವ ಹಿಡಿದಿದ್ದೀತು ಅಂತ. ಗಡ್ಡಿ ಎಲ್ಲಾ ಕಪ್ಪಗ ಲೊಳಿ ಲೊಳಿ ಆಗಿ ಕೈಯಾಗ ಕಲಸಿ ಬಂತು.

ಮುಂದಿನ ವರ್ಷ ಬಂದರ ಬಿತ್ತು. ಖರೇನೇ ಬಿತ್ತು ಈ ಸಲ. ಹತ್ತಿ ಕೇಳಾಂವ ಇಲ್ಲದಂಗಾತು. ತಾರಿನ ಮ್ಯಾಲ ತಾರು ಬಂದ್ವಂತ ಮಲ್ಲಣ್ಣಗ. ಪಡಸಾಲಿ ಬರಿದಾತು, ಬಂದರದ ತಬಿಯತ್ ಹ್ಯಾಂಗದ ಅಂತ ಕೇಳಾಕ ಒಬ್ಬನೂ ಬರ್ಲಿಲ್ಲ, ಗ್ವಾಡಿ ಮ್ಯಾಲ ಅವರ ಎಲಿ ಉಗುಳು ಅಷ್ಟೇ ಉಳೀತು. ಆಮ್ಯಾಲ ಆ ಗ್ವಾಡಿನೂ ಮಾರಿದ. ಒಂದಿನ ಸಂಜಿಮುಂದ ನಬಿಸಾಬನ ಬಂಡ್ಯಾಗ, ನನ್ನ ಖಾಲಿ ಬುಟ್ಟಿಗಳ ನಡಕ ಕುಂತು ಗಂಡ ಹೆಂಡ್ತಿ ಕಮಲಾಪುರಕ್ಕ ಬಂದಿಳದ್ರು. ಲಲಿತಾ ಹಿಡಿಯಷ್ಟಾಗಿದ್ಲು. ಅವನ ಹೆಗಲ ಮ್ಯಾಲ ಅದೇ ಹಸಿರು ರುಮಾಲು.

ಲಲಿತಾನ್ನ ಒಳಗ ಕರಕೊಂಡು ಹೋಗಿ ನನ್ನ ಹಾಸಿಗಿ ಮ್ಯಾಲ ಮಲಗಿಸಿದೆ. ಹಕೀಮರನ್ನ ಕರಿಸಿದೆ. ಅವನಿಗೆ ಬಾ ಅಂತನೂ ಅನಲಿಲ್ಲ, ಹೋಗು ಅಂತನೂ ಅನಲಿಲ್ಲ. ಕಟ್ಟಿ ಮ್ಯಾಲ ಮಲಗಿದ.

ಮುಂಜಾನಿ ತೋಟಕ್ಕ ಹೋಗಿ ನೋಡ್ತೀನಿ, ಮಲ್ಲಣ್ಣ ಬಾವಿ ದಂಡಿಗೆ ಕಾಲು ಇಳಿಬಿಟ್ಟು ಕುಂತಾನ. ನನ್ನ ಹಣ್ಣು ತಿನ್ನಾಕತ್ತಾನ. ಸಿಪ್ಪಿ ಬಾವ್ಯಾಗ ಒಗಿಯಾಕತ್ತಾನ. ಕೆಳಗ ಹೂಳು ತೆಗಿಯೂ ಆಳುಗಳಿಗೆ ಹೇಳಾಕತ್ತಾನ, "ಬಂದರ ಸತ್ತಿಲ್ಲ ಏನ್ರೋ, ಮಲಗ್ಯಾದ ಅಷ್ಟೇ. ನಾ ಅದರ ನಾಡಿ ಬಲ್ಲೆ. ಇನ್ನೆರಡು ವರ್ಷ, ನೋಡ್ರಿ ಬೇಕಾದ್ರ—"

ಆಳುಗಳು ಬಾಯಿ ತೆರೆದು ಕೇಳಾಕತ್ತಿದ್ರು. ತಾಯಿ ಸಾಲು ಕೊಳಿಸಿದಾಂವ, ಹೆಂಡ್ತಿ ಎದಿ ಒಣಗಿಸಿದಾಂವ, ಅವನ ಬಾಯಾಗ ಇನ್ನೂ ಬಂದರ!

ಸಲಿಕಿ ತಗೊಂಡು ಅವನ ಮುಂದ ಒಗದೆ. "ಇಳಿ" ಅಂದೆ.

ಸಲಿಕಿ ನೋಡಿದ, ಬಾವಿ ನೋಡಿದ, ನನ್ನ ನೋಡಿದ. ಉಣ್ಣಾಕ ಬ್ಯಾರೆ ಕಡಿ ಜಾಗಾ ಇಲ್ಲ ಅಂತ ಅವಂಗೂ ತಿಳೀತು. ದಲಾಲಿ ಹುಟ್ಟುಗುಣ ಎಲ್ಲಿ ಹೋಗ್ತದ, ಸಣ್ಣ ದನಿ ಮಾಡಿ ಕೇಳಿದ, "ಕೂಲಿ ಏನ್ ಕೊಡ್ತೀರಿ ವೈನಿ?"

ಕೆಳಗಿದ್ದವರಿಗೆಲ್ಲ ದಿನಕ್ಕ ಐದಾಣೆ ಕೊಡ್ತಿದ್ದೆ. ಅದು ಅವಂಗ ಗೊತ್ತಿತ್ತು, ಕೇಳಿಕೊಂಡಿದ್ದ. ಅವನ ಹೆಗಲಿಂದ ಆ ಹಸಿರು ರುಮಾಲು ಎಳಕೊಂಡೆ, ಅವನ ಬಲಗೈ ಹಿಡಿದೆ, ಮ್ಯಾಲ ರುಮಾಲು ಮುಚ್ಚಿದೆ. ಆಳುಗಳು ಕೆಲಸ ಬಿಟ್ಟು ಮ್ಯಾಲ ನೋಡಾಕತ್ತಿದ್ರು. ಅವನ ಕೈ ತಣ್ಣಗಿತ್ತು, ಹಣ್ಣಿನ ಅಂಟು ಇತ್ತು.

ಎರಡು ಬಟ್ಟು ಹಿಡಿದೆ. ಬಿಗಿಯಾಗಿ ಹಿಡಿದೆ.

ಅವ ಕಾಯ್ದ, ಇನ್ನೊಂದರೇ ಬಟ್ಟು ಕೂಡೀತು ಅಂತ. ಕೂಡಲಿಲ್ಲ. ಅವನ ಮಕದ ಬಣ್ಣ ಇಳೀತು. "ಇಷ್ಟೇನಾ ವೈನಿ?" ಅಂದ.

"ಏನ್ ಮಾಡಲಿ ಮಲ್ಲಣ್ಣ," ಅಂದೆ, "ಬಂದರದ ತಬಿಯತ್ ಚಲೋ ಇಲ್ಲ."

ರುಮಾಲು ಅವನ ಹೆಗಲ ಮ್ಯಾಲ ತಿರುಗಿ ಹಾಕಿದೆ. ಅವ ಸಲಿಕಿ ತಗೊಂಡು ಬಾವ್ಯಾಗ ಇಳದ.